ಪರದೆ ಮೇಲಿನ ಕೆಂಪು, ಕಿವಿಯೊಳಗಿನ ಚಂಡೆ

ರೆಕಾರ್ಡಿಂಗ್ ಸಾಫ್ಟ್‌ವೇರ್ ಬಗ್ಗೆ ಮಾತು ಬಂದ್ರೆ ನಮ್ಮಲ್ಲಿ ಎಲ್ರೂ ಕೇಳೋದು ಯಾವ ಮೈಕು, ಯಾವ ಇಂಟರ್‌ಫೇಸು (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆ), ಯಾವ ಪ್ಲಗಿನ್ನು (ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳ್ಳೋ ಸಣ್ಣ ಸಲಕರಣೆ) ಅಂತ. ಬಣ್ಣದ ಬಗ್ಗೆ ಯಾರೂ ಕೇಳೋದಿಲ್ಲ. ಕೇಳಿದ್ರೂ "ಡಾರ್ಕ್ ಥೀಮ್ ಹಾಕ್ಕೊ, ಕಣ್ಣಿಗೆ ಒಳ್ಳೇದು" ಅನ್ನೋ ಒಂದು ಸಾಲಲ್ಲಿ ವಿಷ್ಯ ಮುಗೀತದೆ. ನಾನು ದಿನದ ಬಹುಪಾಲು ಆ ಪರದೆ ಎದುರಿಗೇ ಕೂತಿರೋನು, ಯಕ್ಷಗಾನದ ಭಾಗವತಿಕೆ, ಭಜನೆ, ಮದುವೆ ಮನೆ ಹಾಡು, ಶಾಲೆ ಗ್ಯಾದರಿಂಗಿನ ಸ್ವಾಗತ ಗೀತೆ, ಬಂದಿದ್ದೆಲ್ಲ ಎಡಿಟ್ ಮಾಡ್ತೇನೆ, ಮತ್ತೆ ಇಷ್ಟು ಕಾಲ ನೋಡಿ ನೋಡಿ ನನಗೆ ಖಾತ್ರಿಯಾಗಿದ್ದು ಅಂದ್ರೆ ಆ ಬಣ್ಣಗಳು ಬರೀ ಚಂದಕ್ಕೆ ಇರೋದಲ್ಲ, ಕಿವಿ ಕೇಳಿ ತೀರ್ಮಾನ ಮಾಡೋದಕ್ಕೆ ಮುಂಚೆ ಅವು ಕಣ್ಣಿನ ಮೂಲಕ ತೀರ್ಮಾನ ಹೇಳಿ ಆಗಿರ್ತದೆ.

ಕೆಂಪಿನಿಂದಲೇ ಶುರು ಮಾಡ್ತೇನೆ.

ಸಿರ್ಸಿ ಹತ್ರದ ಒಂದು ಮನೆ ಜಗಲಿ ಮೇಲೆ ಹಿರಿಯ ಭಾಗವತರೊಬ್ಬರ ಪದ ರೆಕಾರ್ಡ್ ಮಾಡ್ತಾ ಇದ್ವಿ. ಲ್ಯಾಪ್‌ಟಾಪ್ ಅವರಿಗೂ ಕಾಣೋ ಹಾಗೆ ಇತ್ತು. ಮಂದ್ರ, ಮಧ್ಯದಲ್ಲಿ ಹಾಡೋವಾಗ ದನಿಯ ಮಟ್ಟ ತೋರ್ಸೋ ಪಟ್ಟಿ, ಅಂದ್ರೆ ಮೀಟರ್, ಹಸಿರಲ್ಲೇ ಆಡ್ತಿತ್ತು, ಏರು ಪದಕ್ಕೆ ಬಂದು ತಾರಕ್ಕೆ ಹತ್ತಿದ ಕೂಡ್ಲೆ ಹಳದಿ ಆಯ್ತು, ಹಳದಿ ಆದದ್ದೇ ತಡ ಅವರ ದನಿ ಸಣ್ಣಗೆ ಹಿಂದೆ ಸರೀತು. ಯಾರೂ ಅವರಿಗೆ ಎಂತದೂ ಹೇಳಿರ್ಲಿಲ್ಲ. ಹಳದಿ ಅಂದ್ರೆ ಎಚ್ಚರಿಕೆ, ಆಮೇಲೆ ಕೆಂಪು, ಕೆಂಪು ಅಂದ್ರೆ ನಿಲ್ಲು, ಇದನ್ನ ಯಾರೂ ಯಾರಿಗೂ ಕಲಿಸ್ಬೇಕಾಗಿಲ್ಲ. ಆದ್ರೆ ಆ ಸಾಫ್ಟ್‌ವೇರ್‌ನಲ್ಲಿ ಹಳದಿ ಶುರುವಾಗೋದೇ ಮೈನಸ್ 12 ಡಿಬಿ (ಡೆಸಿಬೆಲ್, ಸೊನ್ನೆ ಅಂದ್ರೆ ಮೇಲಿನ ಮಿತಿ) ಆಸುಪಾಸಿಗೆ, ಇನ್ನೂ ಬೇಕಾದಷ್ಟು ಜಾಗ ಇತ್ತು, 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡೋವಾಗ ಅದು ಹಾಡೋರು ಅಂಜಬೇಕಾದ ಲೆವೆಲ್ಲೇ ಅಲ್ಲ. ಪರದೆ ನನ್ನ ಕಡೆ ತಿರುಗಿಸ್ಕೊಂಡು ಮತ್ತೊಮ್ಮೆ ಹಾಡಿ ಅಂದೆ. ಆ ಸಲ ದನಿ ಪೂರ್ತಿ ತೆರೀತು, ಜಗಲಿ ಕಂಬ ಅದುರೋ ಹಾಗೆ. ಒಂದು ಹಳದಿ ಪಟ್ಟಿ ಒಬ್ಬ ಕಲಾವಿದರ ಕಂಠವನ್ನ ಹಿಡಿದು ನಿಲ್ಲಿಸ್ತದೆ ಅಂದ್ರೆ ಅದನ್ನ ಅಲಂಕಾರ ಅಂತ ಹೇಗೆ ಕರೆಯೋದು?

ಈ ಕೆಂಪು ಎಲ್ಲಿಂದ ಬಂತು ಅಂತ ನೋಡಿದ್ರೆ ಇನ್ನೂ ಸ್ವಾರಸ್ಯ ಇದೆ. 1939ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸು ಅನ್ನೋ ಸಂಶೋಧನಾ ಸಂಸ್ಥೆ, ಸಿಬಿಎಸ್, ಎನ್‌ಬಿಸಿ ಅನ್ನೋ ರೇಡಿಯೋ ಕಂಪನಿಗಳು ಸೇರಿ ರೂಪಿಸಿದ ವಿಯು ಮೀಟರ್‌ನಲ್ಲಿ (ಮುಳ್ಳು ಆಡಿಸಿ ಶಬ್ದದ ಮಟ್ಟ ತೋರ್ಸೋದು) ಸೊನ್ನೆಯಿಂದ ಪ್ಲಸ್ 3ರವರೆಗಿನ ಭಾಗಕ್ಕೆ ಕೆಂಪು ಗೆರೆ ಇತ್ತು. ಆದ್ರೆ ಆ ಕಾಲದ ಅನಲಾಗ್ ಮಷೀನಲ್ಲಿ ಮುಳ್ಳು ಕೆಂಪಿಗೆ ಹೋದ್ರೆ ಎಲ್ಲಾ ಹಾಳಾಯ್ತು ಅಂತ ಅರ್ಥ ಅಲ್ಲ, ಸೊನ್ನೆ ಮೇಲೂ ಜಾಗ ಬಿಟ್ಟಿರ್ತಿದ್ರು, ಟೇಪ್ ಮೇಲೆ ಬೇಕಂತಲೇ ಕೆಂಪಿಗೆ ತಳ್ಳಿ ಆ ದಪ್ಪ ನಾದ ತೆಗೆಯೋರೂ ಇದ್ರು. ಡಿಜಿಟಲ್ ಬಂದ ಮೇಲೆ ಸೊನ್ನೆ ಅನ್ನೋದು ಛಾವಣಿ ಆಯ್ತು, ಅದರ ಮೇಲೆ ಎಂತದೂ ಇಲ್ಲ. ಬಣ್ಣ ಮಾತ್ರ ಅದೇ ಉಳೀತು.

ಅಷ್ಟೇ ಅಲ್ಲ, ಇವತ್ತಿನ ಒಂದೇ ಸಾಫ್ಟ್‌ವೇರ್ ಒಳಗೇ ಕೆಂಪಿಗೆ ಎರಡು ಅರ್ಥ ಇದೆ. ಮೈಕಿಂದ ಬರೋ ಸಿಗ್ನಲ್ಲು ಇಂಟರ್‌ಫೇಸಿನ ಕನ್ವರ್ಟರ್‌ನಲ್ಲಿ (ಸಿಗ್ನಲ್ಲನ್ನ ಅಂಕಿಯಾಗಿಸೋ ಭಾಗ) ಕೆಂಪಾದ್ರೆ ಅದು ನಿಜವಾದ ಕೆಂಪು, ಆ ತುದಿ ಕತ್ತರಿಸಿ ಹೋಯ್ತು, ಮತ್ತೆ ಪೂರ್ತಿ ಹಾಗೇ ತರ್ಲಿಕ್ಕೆ ಆಗೋದಿಲ್ಲ. ಆದ್ರೆ ಒಳಗೆ ಟ್ರ್ಯಾಕ್ ಮೀಟರ್ (ಒಂದೊಂದು ದನಿಗೆ ಒಂದೊಂದು ಸಾಲು, ಅದೇ ಟ್ರ್ಯಾಕ್) ಕೆಂಪಾದ್ರೆ, ಈಗಿನ ಸಾಫ್ಟ್‌ವೇರ್ ಲೆಕ್ಕ ಮಾಡೋದು 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಅಥವಾ ಅದಕ್ಕೂ ಹೆಚ್ಚಿನದ್ರಲ್ಲಿ, ಸೊನ್ನೆ ದಾಟಿದ ಅಂಕಿಯೂ ಅದರಲ್ಲಿ ಉಳೀತದೆ, ಹಾಗಾಗಿ ಸಾಮಾನ್ಯವಾಗಿ ಎಲ್ಲಾ ಟ್ರ್ಯಾಕ್ ಸೇರೋ ಕೊನೆಯ ಮಾಸ್ಟರ್‌ನಲ್ಲಿ ಕಡಿಮೆ ಮಾಡ್ಕೊಂಡ್ರೆ ಎಂತದೂ ಕಳ್ಕೊಳ್ಳೋದಿಲ್ಲ. ಒಂದು ಕೆಂಪು ಅನಾಹುತ, ಇನ್ನೊಂದು ಕೆಂಪು ಬರೀ ಸೂಚನೆ, ಎರಡಕ್ಕೂ ಒಂದೇ ಕೆಂಪು ಕೊಟ್ಟಿದ್ದು ನನ್ನ ಪ್ರಕಾರ ಸರಿಯಾದ ಡಿಸೈನ್ ಅಲ್ಲ. ಹೊಸದಾಗಿ ಕಲಿಯೋ ಹುಡುಗ್ರು ಬೇಡದ ಕಡೆ ಹೆದರ್ತಾರೆ, ಹೆದರ್ಬೇಕಾದ ಕಡೆ ಆಮೇಲೆ ಸರಿ ಮಾಡ್ಕೊಂಡ್ರಾಯ್ತು ಅಂತ ಬಿಟ್ಟುಬಿಡ್ತಾರೆ.

ಇನ್ನು ಚಂಡೆ. ಚಂಡೆ ರೆಕಾರ್ಡ್ ಮಾಡಿದೋರಿಗೆ ಗೊತ್ತು, ಕೋಲು ಬಿದ್ದ ಆ ಕ್ಷಣಕ್ಕೆ ಮೀಟರ್ ಸೀದಾ ಮೇಲೆ ಹಾರ್ತದೆ, ಮುಂದಿನ ಕ್ಷಣ ಕೆಳಗೆ. ಪಕ್ಕದ ಟ್ರ್ಯಾಕ್‌ನಲ್ಲಿ ಶ್ರುತಿ ಪೆಟ್ಟಿಗೆ ಒಂದೇ ಸಮ ಹಸಿರಲ್ಲಿ ನಿಂತಿರ್ತದೆ, ಅಲುಗಾಡೋದೇ ಇಲ್ಲ. ಕಣ್ಣಿಗೆ ಚಂಡೆ ಜಾಸ್ತಿ ಆಯ್ತು, ಶ್ರುತಿ ಪಾಪ ಸುಮ್ನೆ ಇದೆ ಅನ್ನಿಸ್ತದೆ. ಕಣ್ಣು ಮುಚ್ಚಿ ಕೇಳಿದ್ರೆ ಎಷ್ಟೋ ಸಲ ಉಲ್ಟಾ, ಶ್ರುತಿ ಇಡೀ ಜಾಗ ತುಂಬಿಕೊಂಡು ಭಾಗವತರ ದನಿಯನ್ನೇ ಮುಚ್ಚಿರ್ತದೆ. ಯಾಕಂದ್ರೆ ಆ ಮೀಟರ್ ತೋರ್ಸೋದು ಶಿಖರ, ಕಿವಿ ಜೋರು ಅಂತ ಅಳಿಯೋದು ಸ್ವಲ್ಪ ಹೊತ್ತಿನ ಸರಾಸರಿ. ಅದಕ್ಕೇ ಐಟಿಯು ಅನ್ನೋ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ 2006ರಲ್ಲಿ ಬಿಎಸ್ 1770 ಅನ್ನೋ ಅಳತೆ ಕ್ರಮ ತಂದು, ಅದರ ಮೇಲೆ ಕಿವಿಗೆ ಎಷ್ಟು ಜೋರು ಅಂತ ಅಳೆಯೋ ಈ ಎಲ್‌ಯುಎಫ್‌ಎಸ್ ಮೀಟರ್‌ಗಳು ಬಂದಿದ್ದು. ಆದ್ರೂ ಪರದೆ ಮೇಲೆ ದೊಡ್ಡದಾಗಿ, ಬಣ್ಣ ಬಣ್ಣವಾಗಿ ಕುಣಿಯೋದು ಶಿಖರದ ಮೀಟರ್ರೇ, ಎಲ್‌ಯುಎಫ್‌ಎಸ್ ಎಲ್ಲೋ ಮೂಲೆಯಲ್ಲಿ ಬೂದು ಬಣ್ಣದ ಅಂಕಿ. ಹಾಗಾಗಿ ಚಂಡೆಯನ್ನ ಕಂಪ್ರೆಸ್ ಮಾಡಿ ಮಾಡಿ (ಜೋರಿನ ತುದಿಯನ್ನ ತಗ್ಗಿಸಿ ತಗ್ಗಿಸಿ) ಅದರ ಪೆಟ್ಟನ್ನೇ ಕೊಂದ ರೆಕಾರ್ಡಿಂಗುಗಳು ಎಷ್ಟು ಬೇಕಾದ್ರೂ ಸಿಗ್ತವೆ. ಮಾಡಿದೋರ ಕಿವಿ ಕೆಟ್ಟದಲ್ಲ, ಅವರು ಕೆಂಪನ್ನ ಆರಿಸ್ತಾ ಇದ್ರು ಅಷ್ಟೇ.

ಬಣ್ಣ ನೋಡಿ ಕಿವಿ ಮೋಸ ಹೋಗ್ತದಾ ಅಂತ ಅನುಮಾನ ಇದ್ದೋರಿಗೆ ಹೇಳ್ತೇನೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹ್ಯೂಗೋ ಫಾಸ್ಟಲ್ ಮತ್ತೆ ಅವರ ಜೊತೆಯವರು ರೈಲಿನ ಶಬ್ದ ಕೇಳಿಸಿ ಜೊತೆಗೆ ಬೇರೆ ಬೇರೆ ಬಣ್ಣದ ರೈಲಿನ ಚಿತ್ರ ತೋರ್ಸಿದ್ರು. ಶಬ್ದ ಅದೇ. ಆದ್ರೆ ಕೆಂಪು ರೈಲು ಕಂಡಾಗ ಜನ ಅದನ್ನ ಜೋರು ಅಂದ್ರು, ತಿಳಿ ಹಸಿರು ರೈಲಿಗೆ ಕಡಿಮೆ ಅಂದ್ರು. ವ್ಯತ್ಯಾಸ ದೊಡ್ಡದೇನಲ್ಲ, ಎಲ್ರಿಗೂ ಒಂದೇ ಥರವೂ ಅಲ್ಲ, ಆದ್ರೆ ಮಿಕ್ಸ್ ಮಾಡೋದು ಅಂದ್ರೇನೇ ಅರ್ಧ ಡಿಬಿ, ಒಂದು ಡಿಬಿಯ ಆಟ ಅಲ್ವಾ. ಇದನ್ನ ಓದಿದ ಮೇಲೆ ನಾನು ತಾಳವಾದ್ಯದ ಟ್ರ್ಯಾಕಿಗೆ ಕಡು ಕೆಂಪು ಕೊಡೋದನ್ನ ಬಿಟ್ಟೆ. ಕೊನೆಯ ಸಲ ಕೇಳೋವಾಗ ಪರದೆ ಆಫ್ ಮಾಡೇ ಕೇಳ್ತೇನೆ.

ಈಗ ಡಾರ್ಕ್ ಥೀಮಿನ ವಿಷ್ಯಕ್ಕೆ ಬರೋಣ. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಲಾಜಿಕ್ ಪ್ರೊ ಎಕ್ಸ್ 2013ರಲ್ಲಿ ಕಪ್ಪು ಬಟ್ಟೆ ಉಟ್ಟು ಬಂತು, ಏಬಲ್‌ಟನ್ ಲೈವ್ 10 2018ರಲ್ಲಿ ತಿಳಿಯಿಂದ ಕಡುವರೆಗೆ ಥೀಮ್ ಕೊಡ್ತು, ಪ್ರೊ ಟೂಲ್ಸ್ 2020ರ ಕೊನೆಗೆ ಡಾರ್ಕ್ ತಂತು, ಎಫ್‌ಎಲ್ ಸ್ಟುಡಿಯೋ 21ನೇ ಆವೃತ್ತಿಯಲ್ಲಿ ಬಣ್ಣ ಬದಲಾಯಿಸೋ ಅವಕಾಶ ಮಾಡ್ತು. ರೀಪರ್‌ನಲ್ಲಿ ಬೇಕಾದ ಥೀಮ್ ಹಾಕ್ಕೊಳ್ಬಹುದು. ಯೂಟ್ಯೂಬಲ್ಲಿ ಕಾಣೋ ಸ್ಟುಡಿಯೋ ಎಲ್ಲಾ ಕಪ್ಪು ಕೋಣೆ, ನೇರಳೆ ಎಲ್‌ಇಡಿ ಪಟ್ಟಿ, ಕಪ್ಪು ಪರದೆ. ಅದನ್ನ ನೋಡಿ ಕಾರವಾರದ ಕೋಡಿಬಾಗದಲ್ಲಿ ಮಹಡಿ ಮೇಲೆ, ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರೋ ರೂಮಲ್ಲಿ ಸೆಟಪ್ ಹಾಕಿದ ನನ್ನ ಗೆಳೆಯನೂ ಕಡು ಕಪ್ಪು ಥೀಮ್ ಹಾಕ್ಕೊಂಡಿದ್ದ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ, ಸಮುದ್ರದ ಬಿಸಿಲು ನೀರಿನ ಮೇಲೆ ಬಡಿದು ರೂಮಿನ ತುಂಬ, ಹೊಳಪು ಪರದೆಯಲ್ಲಿ ಕಾಣ್ತಿದ್ದದ್ದು ಕಿಟಕಿಯ ಸರಳು ಮತ್ತೆ ಅವನದೇ ಮುಖ. ತರಂಗ ಕಾಣೋಕೆ ಮುಂದೆ ಬಾಗಿ ಬಾಗಿ ಕುತ್ತಿಗೆ ನೋವು, ಸಂಜೆ ಹೊತ್ತಿಗೆ ತಲೆನೋವು. ತಿಳಿ ಬೂದು ಥೀಮ್ ಹಾಕಿ ಟೇಬಲ್ ತಿರುಗಿಸಿದ್ವಿ. ತಲೆನೋವು ಹೋಯ್ತು.

ಕಾರಣ ಸರಳ ಇದೆ. ಹಿನ್ನೆಲೆ ಬೆಳಕಾಗಿದ್ರೆ ಕಣ್ಣಿನ ಪಾಪೆ ಸಣ್ಣದಾಗ್ತದೆ, ಪಾಪೆ ಸಣ್ಣದಾದ್ರೆ ಅಕ್ಷರದ ಅಂಚು ಚೂಪಾಗಿ ಕಾಣ್ತದೆ. ಓದೋ ಕೆಲಸಕ್ಕೆ ತಿಳಿ ಹಿನ್ನೆಲೆ ಮೇಲೆ ಕಪ್ಪು ಅಕ್ಷರವೇ ಸಾಮಾನ್ಯವಾಗಿ ಮೇಲು ಅಂತ ಪ್ರಯೋಗಗಳೂ ತೋರ್ಸಿವೆ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಸಮ ಇಲ್ಲದ ದೃಷ್ಟಿದೋಷ) ಇದ್ದೋರಿಗಂತೂ ಕಪ್ಪಿನ ಮೇಲಿನ ಬಿಳಿ ಅಕ್ಷರ ಅಂಚಲ್ಲಿ ಹರಡಿಕೊಂಡ ಹಾಗೆ ಕಾಣ್ತದೆ. ಮತ್ತೆ ಕಪ್ಪಿನ ಮೇಲೆ ಅಪ್ಪಟ ನೀಲಿ ಸಣ್ಣ ಅಕ್ಷರ ಹಾಕೋ ಪ್ಲಗಿನ್ನುಗಳಿದ್ದಾವಲ್ಲ, ಅವು ನಿಜಕ್ಕೂ ತಪ್ಪು, ಯಾಕಂದ್ರೆ ನಾವು ದಿಟ್ಟಿಸಿ ನೋಡೋ ಆ ರೆಟಿನಾದ ನಟ್ಟನಡುವಿನ ಚುಕ್ಕೆಯಲ್ಲಿ ನೀಲಿ ಗ್ರಹಿಸೋ ಕೋನ್ ಕೋಶಗಳೇ ಇಲ್ಲ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗ್ತಾ ಹೋಗ್ತದೆ, ಆಗ ನೀಲಿ ಇನ್ನೂ ಮಂಕು. ವೆಬ್‌ಸೈಟಿಗೆ ಡಬ್ಲ್ಯೂಸಿಎಜಿ ಅಂತ ನಿಯಮಾವಳಿ ಇದೆ, ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಕನಿಷ್ಠ 4.5ಕ್ಕೆ 1 ಇರ್ಬೇಕು, ಬಟನ್ನಿನಂಥ ಭಾಗಗಳಿಗೆ 3ಕ್ಕೆ 1. ಬೂದು ಬಣ್ಣದ ಮೇಲೆ ಬೂದು ಅಕ್ಷರ ಬರೆದ ಎಷ್ಟೋ ದುಬಾರಿ ಪ್ಲಗಿನ್ನುಗಳು ಅಷ್ಟನ್ನೂ ಮುಟ್ಟೋದಿಲ್ಲ.

ಹಾಗಂತ ಕಪ್ಪು ಥೀಮ್ ಕೆಟ್ಟದು ಅಂತ ನಾನು ಹೇಳ್ತಾ ಇಲ್ಲ. ಸಿರ್ಸಿ ಕಡೆ ಆಷಾಢದಲ್ಲಿ ತೋಟದ ಮಧ್ಯದ ಮನೆಯೊಳಗೆ ಮಧ್ಯಾಹ್ನವೂ ಲೈಟ್ ಹಾಕ್ಕೊಂಡೇ ಇರ್ಬೇಕು, ಕರೆಂಟ್ ಹೋಗಿ ಇನ್ವರ್ಟರ್‌ನಲ್ಲಿ ಒಂದೇ ಬಲ್ಬು ಉರೀತಾ ಇದ್ದಾಗ ಬಿಳಿ ಪರದೆ ಕಣ್ಣಿಗೆ ಚುಚ್ಚಿದ ಹಾಗೇ. ಬಯಲಾಟ ರೆಕಾರ್ಡ್ ಮಾಡ್ಲಿಕ್ಕೆ ಗದ್ದೆಯಲ್ಲಿ ಕೂತಾಗಂತೂ ಕಡು ಥೀಮೇ ಬೇಕು, ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ತಾಸಿನ ಹತ್ರ ಬೇಕು, ಒಂದು ಸಲ ಬಿಳಿ ಪರದೆ ನೋಡಿದ್ರೆ ಅದೆಲ್ಲಾ ಹೋಯ್ತು, ಆಮೇಲೆ ಕಾಲ ಬುಡದ ಕೇಬಲ್ ಕಾಣೋದಿಲ್ಲ. ಹಿಂದೆ ಕೂತ ಪ್ರೇಕ್ಷಕರಿಗೆ ಆಗೋ ತೊಂದ್ರೆ ಬೇರೆ. ಕಾರವಾರ, ಕುಮಟಾ, ಸಿರ್ಸಿ, ಒಂದೇ ಜಿಲ್ಲೆ, ದೇವಿಮನೆ ಘಟ್ಟ ಹತ್ತಿ ಇಳಿಯೋದ್ರೊಳಗೆ ಬೆಳಕೇ ಬದಲಾಗಿರ್ತದೆ. ಒಂದೇ ಥೀಮ್ ಎಲ್ಲಾ ಕಡೆ, ಎಲ್ಲಾ ಹೊತ್ತಿಗೂ ಆಗ್ಬೇಕು ಅಂದ್ರೆ ಹೇಗೆ ಆಗ್ತದೆ.

ನಮ್ಮ ಯಕ್ಷಗಾನದವರಿಗೆ ಇದು ಹಳೇ ವಿಷ್ಯ. ದೀವಟಿಗೆ ಬೆಳಕಲ್ಲಿ ಆಟ ಆಗ್ತಿದ್ದ ಕಾಲದ ಮುಖವರ್ಣಿಕೆ, ಆ ಕೆಂಪು, ಹಳದಿ, ಕಪ್ಪು, ಎಣ್ಣೆ ಜ್ವಾಲೆಯ ಬೆಳಕಲ್ಲಿ ಹೊತ್ತಿ ಉರಿಯೋ ಬಣ್ಣಗಳು ಅವು. ಅದೇ ವೇಷವನ್ನ ಬಿಳಿ ಎಲ್‌ಇಡಿ ಕೆಳಗೆ ನಿಲ್ಲಿಸಿದ್ರೆ ಬೇರೆಯೇ ಕಾಣ್ತದೆ ಅನ್ನೋದನ್ನ ಚೌಕಿಯಲ್ಲಿ ಕೂತು ಬಣ್ಣ ಬರಕೊಳ್ಳೋ ಯಾರನ್ನ ಕೇಳಿದ್ರೂ ಹೇಳ್ತಾರೆ. ಪರದೆಯಲ್ಲೂ ಹಾಗೇ, ಸಂಜೆ ಆದ ಕೂಡ್ಲೆ ನೈಟ್ ಲೈಟ್ ತಾನಾಗೇ ಆನ್ ಆಗಿ ನೀಲಿ ಕಡಿಮೆ ಆಗ್ತದಲ್ಲ, ಆಗ ಹಗಲು ಬೇರೆ ಬೇರೆ ಕಾಣ್ತಿದ್ದ ನೀಲಿ ಟ್ರ್ಯಾಕೂ ಬೂದು ಟ್ರ್ಯಾಕೂ ಹತ್ರ ಹತ್ರ ಬಂದಿರ್ತವೆ.

ಇದಕ್ಕಿಂತ ಗಂಭೀರ ವಿಷ್ಯ ಒಂದಿದೆ. ಅಂಕೋಲೆಯ ಒಬ್ಬ ಹುಡುಗ, ತುಂಬ ಒಳ್ಳೆ ಕಿವಿ, ಹಾರ್ಮೋನಿಯಂ ಒಂದು ಸ್ವರ ಚೂರು ಜಾರಿದ್ರೂ ಹೇಳ್ತಾನೆ, ಅವನಿಗೆ ಕೆಂಪು ಹಸಿರು ಬೇರೆ ಮಾಡ್ಲಿಕ್ಕೆ ಆಗೋದಿಲ್ಲ. ಇದು ಅಪರೂಪ ಅಲ್ಲ, ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು 8 ಶೇಕಡಾ ಅಂತ ಲೆಕ್ಕ ಇದೆ, ಬೇರೆ ಕಡೆ ಸ್ವಲ್ಪ ಕಡಿಮೆ. ಎಕ್ಸ್ ಕ್ರೋಮೋಸೋಮಿನ ಮೇಲೆ ಬರೋದ್ರಿಂದ ಹೆಂಗಸರಲ್ಲಿ ತುಂಬ ಕಮ್ಮಿ. ಮೀಟರ್‌ನಲ್ಲಿ ಅವನಿಗೆ ಅಷ್ಟು ತೊಂದ್ರೆ ಇಲ್ಲ, ಪಟ್ಟಿ ಎಷ್ಟು ಎತ್ತರ ಹೋಯ್ತು ಅಂತ ನೋಡಿ ತಿಳ್ಕೊಳ್ತಾನೆ. ಕಷ್ಟ ಆಗೋದು ಜಾಗ ಬದಲಾಗದ ಸಣ್ಣ ದೀಪಗಳಲ್ಲಿ, ಸಿಗ್ನಲ್ ಬಂದ್ರೆ ಹಸಿರು, ಜಾಸ್ತಿ ಆದ್ರೆ ಕೆಂಪು ಆಗೋ ಒಂದೇ ಎಲ್‌ಇಡಿ ಇರ್ತದಲ್ಲ ಇಂಟರ್‌ಫೇಸಿನ ಮೇಲೆ, ಅದು ಅವನ ಪಾಲಿಗೆ ಇದ್ದೂ ಇಲ್ಲ. ಅವನ ರೀಪರ್ ಥೀಮ್‌ನಲ್ಲಿ ನಾವು ಸೇರಿ ನೀಲಿ ಮತ್ತೆ ಕಿತ್ತಳೆ ಮಾಡಿದ್ವಿ, ಆ ಜೋಡಿ ಹೆಚ್ಚಿನ ಥರದ ಬಣ್ಣಗುರುಡಿನವರಿಗೂ ಬೇರೆ ಬೇರೆ ಕಾಣ್ತದೆ. ಶಿಖರದ ಅಂಕಿಯನ್ನ ದೊಡ್ಡದು ಮಾಡಿದ್ವಿ. ಬಣ್ಣ ಒಂದನ್ನೇ ನಂಬಿ ಸುದ್ದಿ ಹೇಳ್ಬಾರದು ಅಂತ ಆ ಡಬ್ಲ್ಯೂಸಿಎಜಿಯಲ್ಲೇ ಬರೆದಿದೆ, ಒಂದು ಆಕಾರ, ಒಂದು ಅಕ್ಷರ, ಒಂದು ಅಂಕಿ ಜೊತೆಗಿರ್ಬೇಕು. ಇದನ್ನ ಕಂಪನಿಗಳು ದೊಡ್ಡ ಉಪಕಾರದ ಹಾಗೆ ಕೊಡೋದಲ್ಲ, ಮೊದಲ ದಿನವೇ ಇರ್ಬೇಕಾದ್ದು. ಉಚಿತವಾಗಿ ಸಿಗೋ ಆಡಾಸಿಟಿ 2017ರಲ್ಲೇ ಹೈ ಕಾಂಟ್ರಾಸ್ಟ್ ಥೀಮ್ ಕೊಟ್ಟಿತ್ತು.

ಒಂದು ಸಾಫ್ಟ್‌ವೇರ್ ಬಿಟ್ಟು ಇನ್ನೊಂದಕ್ಕೆ ಹೋದೋರಿಗೆ ಬೇರೆ ಥರದ ಗೋಳು. ಒಂದೇ ಟ್ರ್ಯಾಕ್ ಕೇಳಿಸೋ ಸೋಲೋ ಬಟನ್ ಒತ್ತಿದ್ರೆ ಲೈವ್‌ನಲ್ಲಿ ನೀಲಿ, ಲಾಜಿಕ್‌ನಲ್ಲಿ ಹಳದಿ, ಕ್ಯೂಬೇಸ್‌ನಲ್ಲಿ ಕೆಂಪು. ಲೈವ್‌ನಲ್ಲಿ ಟ್ರ್ಯಾಕಿನ ನಂಬರ್ ಹಳದಿಯಾಗಿ ಹೊತ್ತಿದ್ರೆ ಅದು ಕೇಳಿಸ್ತಾ ಇದೆ ಅಂತ, ಕ್ಯೂಬೇಸ್‌ನಲ್ಲಿ ಹಳದಿ ಹೊತ್ತಿದ್ರೆ ಅದು ಮ್ಯೂಟ್. ನೋಟುಗಳ ಬಣ್ಣವೂ ಹಾಗೇ, ಲಾಜಿಕ್‌ನಲ್ಲಿ ಬಣ್ಣ ಅಂದ್ರೆ ಎಷ್ಟು ಜೋರಾಗಿ ನುಡಿಸಿದ್ದು ಅಂತ, ನೇರಳೆಯಿಂದ ಶುರುವಾಗಿ ಕೆಂಪಿನವರೆಗೆ, ಎಫ್‌ಎಲ್ ಸ್ಟುಡಿಯೋದ ಪಿಯಾನೋ ರೋಲ್‌ನಲ್ಲಿ (ನೋಟುಗಳನ್ನ ಪಟ್ಟಿಯಾಗಿ ತೋರ್ಸೋ ಕಿಟಕಿ) ಬಣ್ಣ ಹೇಳೋದು ಜೋರನ್ನಲ್ಲ, ಮಿಡಿ ಚಾನೆಲ್ಲನ್ನ, ಅಂದ್ರೆ ನೋಟು ಯಾವ ದಾರಿಯಲ್ಲಿ ಹೋಗ್ತದೆ ಅನ್ನೋದನ್ನ. ಕೈ ಒಂದನ್ನ ಕಲಿತಿರ್ತದೆ, ಕಣ್ಣು ಇನ್ನೊಂದನ್ನ ನೋಡ್ತದೆ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟೋ ವಿಷ್ಯ, ತಾಳ.

1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್ 808 ಅನ್ನೋ ಡ್ರಮ್ ಮಷೀನ್ ಮಾಡ್ತು. ಅದರ ಕೆಳಗಿನ ಸಾಲಲ್ಲಿ 16 ಬಟನ್ನು, ಮೊದಲ ನಾಲ್ಕು ಕೆಂಪು, ಆಮೇಲೆ ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಎಷ್ಟು ಚಂದದ ಯೋಚನೆ ಅದು, ಓದ್ಲಿಕ್ಕೆ ಬರದೋನಿಗೂ ಯಾವ ಬಡಿತ ಎಲ್ಲಿ ಅಂತ ನೋಡಿದ ಕೂಡ್ಲೆ ಗೊತ್ತಾಗ್ತದೆ. ಆ ನಾಲ್ಕರ ಗುಂಪು ಆಮೇಲೆ ಬಂದ ಸಾಫ್ಟ್‌ವೇರ್‌ಗಳಲ್ಲೂ ಕೂತುಬಿಡ್ತು. ಎಫ್‌ಎಲ್ ಸ್ಟುಡಿಯೋದ ಸ್ಟೆಪ್ ಸೀಕ್ವೆನ್ಸರ್ (ಚೌಕ ಒತ್ತಿ ಬಡಿತ ಕೂರಿಸೋ ಸಾಲು) ತೆರೆದ್ರೆ ಈಗಲೂ ನಾಲ್ಕು ಚೌಕ ಒಂದು ಬಣ್ಣ, ಮುಂದಿನ ನಾಲ್ಕು ಇನ್ನೊಂದು. ಬೇರೆಯವುಗಳಲ್ಲಿ ಗ್ರಿಡ್ಡಿನ, ಅಂದ್ರೆ ತಾಳ ಅಳೆಯೋ ಗೆರೆಗಳ, ನೆರಳು ಪಟ್ಟಿ ಅದೇ ಕೆಲಸ ಮಾಡ್ತದೆ.

ನಾಲ್ಕರ ಸಂಗೀತಕ್ಕೆ ಅದು ಸರಿ. ಆದ್ರೆ ನಮ್ಮಲ್ಲಿ ಮಕ್ಕಳು ಕೇಳಿ ಬೆಳೆಯೋದು ಯಕ್ಷಗಾನದ ತ್ರಿವುಡೆ ತಾಳದ ಏಳರ ನಡೆ, ರೂಪಕದ ಆರು. ಸಿರ್ಸಿ, ಸಿದ್ದಾಪುರ, ಹೊನ್ನಾವರದ ಕಡೆ ಹಿಂದೂಸ್ತಾನಿ ಕಲಿಯೋ ಮನೆಗಳಲ್ಲಿ ಝಪ್‌ತಾಳ, ಹತ್ತು ಮಾತ್ರೆ, ಎರಡು ಮೂರು ಎರಡು ಮೂರು ಅಂತ ಒಡೆಯೋದು. ಈ ಕಿವಿ ಇಟ್ಕೊಂಡು ಹುಡುಗ ಕಂಪ್ಯೂಟರ್ ಎದುರು ಕೂತು ಹೊಸ ಪ್ರಾಜೆಕ್ಟ್ ತೆರೀತಾನೆ, ಪರದೆ ಅವನಿಗೆ ನಾಲ್ಕು ನಾಲ್ಕು ನಾಲ್ಕು ನಾಲ್ಕು ಅಂತ ಬಣ್ಣದಲ್ಲಿ ಹೇಳ್ತದೆ. ಎರಡು ಮೂರು ಅಂತ ಹಾಕ್ಲಿಕ್ಕೆ ಹೋದ್ರೆ ಮೂರರ ಕೊನೆಯ ಏಟು ಬೇರೆ ಬಣ್ಣದ ಚೌಕದಲ್ಲಿ ಬೀಳ್ತದೆ, ಕಣ್ಣಿಗೆ ಅದು ತಪ್ಪಿದ ಹಾಗೆ ಕಾಣ್ತದೆ. ನನ್ನ ಹತ್ರ ಕಲೀಲಿಕ್ಕೆ ಬರೋ ಹುಡುಗ್ರಲ್ಲಿ ಇದನ್ನ ಕಣ್ಣಾರೆ ನೋಡ್ತಾ ಇದ್ದೇನೆ, ಬಾಯಲ್ಲಿ ಬಾಯಿತಾಳ ಸರಿಯಾಗೇ ಹೇಳ್ತಿರ್ತಾರೆ, ಮೌಸ್ ಹಿಡಿದ ಕೂಡ್ಲೆ ನಾಲ್ಕಕ್ಕೆ ಹೊರಳ್ತಾರೆ. ಸೆಟ್ಟಿಂಗ್ ಬದಲಾಯಿಸಿದ್ರೆ ಬೇರೆ ಟೈಮ್ ಸಿಗ್ನೇಚರ್ (ತಾಳದ ಒಂದು ಸುತ್ತಿಗೆ ಎಷ್ಟು ಎಣಿಕೆ ಅನ್ನೋದು) ಬರ್ತದೆ, ಹೌದು. ಆದ್ರೆ ಹೊಸಬರು ಸೆಟ್ಟಿಂಗಿಗೆ ಹೋಗೋದಿಲ್ಲ, ಎದುರಿಗೆ ಕಂಡದ್ದೇ ಸಂಗೀತದ ನಿಯಮ ಅಂದ್ಕೊಳ್ತಾರೆ. ಎಲ್ಲೂ ಬರೆದಿಲ್ಲದ ಒಂದು ಪಾಠವನ್ನ ಎರಡು ಬಣ್ಣ ಸೇರಿ ಕಲಿಸಿಬಿಡ್ತವೆ.

ಭಾಗವತಿಕೆಯಲ್ಲಂತೂ ಗ್ರಿಡ್ಡೇ ಸುಳ್ಳು. ಪದ ನಿಧಾನ ಶುರುವಾಗಿ ಕುಣಿತದ ಜೊತೆ ಬಿಸಿ ಏರ್ತಾ ಹೋಗ್ತದೆ, ವೇಷಧಾರಿಯ ಹೆಜ್ಜೆ ನೋಡಿ ಭಾಗವತರು ಎಳೀತಾರೆ, ಬಿಡ್ತಾರೆ. ಮೇಲಿಂದ ಪ್ರಖರವಾದ ಬಿಳಿ ಗೆರೆಗಳು ಸಮ ದೂರದಲ್ಲಿ ನಿಂತಿದ್ರೆ ಮದ್ದಳೆಯ ಪ್ರತಿ ಏಟೂ "ಗೆರೆಯಿಂದ ಆಚೆ ಇದೆ" ಅಂತ ದೂರು ಹೇಳಿದ ಹಾಗೆ ಕಾಣ್ತದೆ, ಎಡಿಟ್ ಮಾಡೋನ ಕೈ ಅದನ್ನ ಗೆರೆಗೆ ಎಳೀಲಿಕ್ಕೆ ಹೋಗ್ತದೆ. ಎಳೆದ್ರೆ ಆಟದ ಜೀವವೇ ಹೋಯ್ತು. ಅದಕ್ಕೆ ನಾನು ಇಂಥ ಕೆಲಸಕ್ಕೆ ಗ್ರಿಡ್ಡನ್ನ ಹಿನ್ನೆಲೆಯ ಬಣ್ಣಕ್ಕೇ ಹತ್ರ ತಂದು ಇಟ್ಟಿದ್ದೇನೆ, ಬೇಕಂತ ಹುಡುಕಿದ್ರೆ ಮಾತ್ರ ಕಾಣ್ಬೇಕು. ಅದರ ಬದಲು ರೀಪರ್‌ನಲ್ಲಿ ಪ್ರತಿ ಆವರ್ತಕ್ಕೂ, ಅಂದ್ರೆ ತಾಳದ ಒಂದೊಂದು ಸುತ್ತಿಗೂ, ಕೈಯಾರೆ ಒಂದೊಂದು ರೀಜನ್ (ಗುರುತು ಪಟ್ಟಿ) ಮಾಡಿ ಬಣ್ಣ ಹಾಕ್ತೇನೆ, ಹಾಡಿದೋರು ಎಲ್ಲಿ ಸಮಕ್ಕೆ, ಸುತ್ತಿನ ಮೊದಲ ಏಟಿಗೆ, ಬಂದ್ರೋ ಅಲ್ಲೇ ಬಣ್ಣ ಬದಲಾಗ್ತದೆ. ಉದ್ದ ಗಿಡ್ಡ ಇರ್ತವೆ ಆ ಪಟ್ಟಿಗಳು, ಮುಂದೆ ಮುಂದೆ ಹೋದ ಹಾಗೆ ಗಿಡ್ಡ ಆಗ್ತಾ ಹೋಗ್ತವೆ, ಪದ ಹೇಗೆ ಏರ್ತು ಅಂತ ಒಂದು ನೋಟಕ್ಕೆ ಕಾಣ್ತದೆ. ಸಮಯ ಹಿಡೀತದೆ, ಆದ್ರೆ ಆ ಸಮಯ ಪೂರ್ತಿ ನಾನು ಕೇಳ್ತಾ ಇರ್ತೇನೆ.

ಟ್ರ್ಯಾಕಿನ ಬಣ್ಣಕ್ಕೂ ಹೀಗೇ ಒಂದು ಪದ್ಧತಿ ಮಾಡ್ಕೊಂಡಿದ್ದೇನೆ. ಕಂಠಕ್ಕೆ ಕಿತ್ತಳೆ, ಚಂಡೆ ಮದ್ದಳೆಗೆ ನೀಲಿಯ ಎರಡು ಛಾಯೆ, ಶ್ರುತಿಗೆ ಬೂದು, ಜನರ ಚಪ್ಪಾಳೆ ಗದ್ದಲಕ್ಕೆ ಇನ್ನೂ ಮಂಕಾದ ಬೂದು. ರೀಪರ್‌ಗೆ ಎಸ್‌ಡಬ್ಲ್ಯೂಎಸ್ ಅನ್ನೋ ಉಚಿತ ಎಕ್ಸ್‌ಟೆನ್ಷನ್ ಹಾಕಿದ್ರೆ ಟ್ರ್ಯಾಕಿಗೆ ಹೆಸರು ಬರೆದ ಕೂಡ್ಲೆ ಬಣ್ಣ ತಾನೇ ಬೀಳೋ ಹಾಗೆ ಮಾಡ್ಬಹುದು. ಎಂಟೇ ಎಂಟು ಬಣ್ಣದೊಳಗೆ ಮುಗಿಸ್ತೇನೆ, ಜಾಸ್ತಿ ಬಣ್ಣ ಹಾಕಿದ್ರೆ ಯಾವುದೂ ನೆನಪಲ್ಲಿ ನಿಲ್ಲೋದಿಲ್ಲ. ಇನ್ನು ಪ್ಲಗಿನ್ನುಗಳ ಬಣ್ಣ ನಮ್ಮ ಕೈಯಲ್ಲಿಲ್ಲ, ಹೆಚ್ಚಿನವು ಬದಲಾಯಿಸ್ಲಿಕ್ಕೆ ಬಿಡೋದೇ ಇಲ್ಲ, ಕತ್ತಲ ಥೀಮ್ ಮಧ್ಯೆ ದಿಢೀರಂತ ಒಂದು ಬೆಳ್ಳಿ ಬಣ್ಣದ ಕಿಟಕಿ ತೆರ್ಕೊಳ್ತದೆ.

ಈ ಸಾಫ್ಟ್‌ವೇರ್ ಮಾಡೋರಲ್ಲಿ ಕನ್ನಡ ಬಲ್ಲೋರೂ ಇದ್ದಾರೆ, ಬೆಂಗಳೂರಲ್ಲಿ ಕೂತು ಇಂಥ ಕೋಡ್ ಬರೆಯೋರಲ್ಲಿ ನಮ್ಮ ಜಿಲ್ಲೆಯೋರೂ ಇದ್ದಿರ್ಬಹುದು, ಅವರಿಗೆ ಇದು ಮುಟ್ಟಲಿ. ಹೊಸ ಪ್ರಾಜೆಕ್ಟ್ ತೆರೆಯೋವಾಗ 4/4 ಪಕ್ಕದಲ್ಲೇ ಝಪ್‌ತಾಳ, ರೂಪಕ, ತ್ರಿವುಡೆ ಅಂತ ಆಯ್ಕೆ ಇರ್ಲಿ, ಆರಿಸಿದ ಕೂಡ್ಲೆ ಚೌಕಗಳು ಎರಡು ಒಂದು ಬಣ್ಣ, ಮೂರು ಇನ್ನೊಂದು ಬಣ್ಣ, ಸಮಕ್ಕೆ ಒಂದು ಗುರುತು, ಝಪ್‌ತಾಳದ ಖಾಲಿಗೆ (ಪೆಟ್ಟಿಲ್ಲದೆ ಕೈ ಬೀಸೋ ಜಾಗ) ಇನ್ನೊಂದು ಗುರುತು ಅಂತ ಬರ್ಲಿ, ಅದೂ ಬರೀ ಬಣ್ಣದಲ್ಲಲ್ಲ, ಆಕಾರದಲ್ಲೂ, ಆ ಅಂಕೋಲೆಯ ಹುಡುಗನಿಗೂ ಕಾಣೋ ಹಾಗೆ. ದೊಡ್ಡ ಕೆಲಸ ಅಲ್ಲ ಇದು, 808 ಮಾಡಿದೋರು ನಾಲ್ಕು ಬಣ್ಣದಲ್ಲಿ ತಮ್ಮ ತಾಳಕ್ಕೆ ಮಾಡ್ಕೊಂಡಿದ್ದನ್ನೇ ನಮ್ಮ ತಾಳಕ್ಕೂ ಮಾಡೋದು.